ಫ್ಲಾಪಿಯ ಹಣೆಗೆ ಕುಂಕುಮ

ವಿಡಿಯೊ ಗೇಮ್ ಮಾಡುವುದರಲ್ಲಿ ಜಪಾನಿನವರು ಹೆಚ್ಚೋ ಅಮೆರಿಕದವರು ಹೆಚ್ಚೋ ಎಂದು ಯಾರಾದರೂ ಮಾತು ತೆಗೆದರೆ ನಾನು ಈಗಲೂ ಎದ್ದು ಹೊರಗೆ ಹೋಗುತ್ತೇನೆ. ಮನೆಯವರು ಇದನ್ನು ವಯಸ್ಸಾದವರ ಸಿಡುಕು ಎಂದುಕೊಂಡಿದ್ದಾರೆ. ಸಿಡುಕು ಹೌದು, ವಯಸ್ಸಿನದ್ದಲ್ಲ. ಈ ಚರ್ಚೆಯಲ್ಲಿ ಸೋತ ತಪ್ಪಿಗೆ ಮರುಭೂಮಿಯಲ್ಲಿ ಸೌತೆಕಾಯಿ ಕಾಯಲು ಹೋದ ಮನುಷ್ಯ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು.

1990ನೇ ಇಸವಿಯ ಮಾತು. ಕುವೈತಿನ ಫಹಾಹೀಲ್ ಪೇಟೆಯಲ್ಲಿ, ಸಮುದ್ರದ ದಾರಿಗೆ ಮುಖ ಮಾಡಿದ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿ. ಟಿವಿ, ಟೇಪ್ ರೆಕಾರ್ಡರ್, ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ನಡುವೆ ಹೊಸದಾಗಿ ಬಂದ ಎರಡು ಕಪಾಟುಗಳಿದ್ದವು. ಎಡಗಡೆಯದ್ದರಲ್ಲಿ ಟಿವಿಗೆ ಜೋಡಿಸಿ ಆಡುವ ಜಪಾನಿನ ಕ್ಯಾಸೆಟ್‌ಗಳು. ಬಲಗಡೆಯದ್ದರಲ್ಲಿ ಕಂಪ್ಯೂಟರಿಗೆ ಹಾಕಿ ಆಡುವ ಅಮೆರಿಕದ ಫ್ಲಾಪಿಗಳು. ಎಡದ ಕಪಾಟು ಕಾಕನದ್ದು, ಬಲದ್ದು ನನ್ನದು.

ಕಾಕ ಎಂದರೆ ನನ್ನ ಚಿಕ್ಕಪ್ಪನಲ್ಲ. ನಮ್ಮ ಕರಾವಳಿಯಲ್ಲಿ ಹಿರಿಯ ಬ್ಯಾರಿ ಮುಸ್ಲಿಮರನ್ನು ಹಾಗೆ ಕರೆಯುವುದು ರೂಢಿ. ಅವರ ಊರಿಗೂ ನನ್ನ ಊರಿಗೂ ನಡುವೆ ಇದ್ದದ್ದು ಒಂದು ಹೊಳೆ ಮಾತ್ರ. ಆದರೆ ನಾವು ಪರಿಚಯವಾಗಲು ಕುವೈತಿಗೇ ಬರಬೇಕಾಯಿತು. ಅವರು ಐವತ್ತು ದಾಟಿದವರು, ಎರಡೂ ಮಂಡಿಗಳಲ್ಲಿ ನೋವು, ಊರಿನಲ್ಲಿ ಬಸ್‌ಸ್ಟ್ಯಾಂಡಿನ ಪಕ್ಕ ಗೂಡಂಗಡಿ ಇಟ್ಟಿದ್ದವರು. ನಾನು ಮೂವತ್ತರ ಹರೆಯದವನು, ಎರಡು ವರ್ಷ ಖಾಸಗಿ ಶಾಲೆಯಲ್ಲಿ ಪಾಠ ಮಾಡಿ ಬಂದವನು. ಅದಕ್ಕೇ ಅವರು ನನ್ನನ್ನು ಮಾಷ್ಟ್ರೆ ಎಂದು ಕರೆಯುತ್ತಿದ್ದರು. ಇಬ್ಬರದೂ ಹೆಂಡತಿ ಮಕ್ಕಳು ಊರಿನಲ್ಲಿ. ಅಂಗಡಿಯ ಹಿಂದಿನ ಒಂದು ಕೋಣೆಯಲ್ಲಿ ಒಟ್ಟಿಗೆ ವಾಸ, ಒಂದೇ ಒಲೆ, ನಿತ್ಯ ಜಗಳ. ಜಗಳ ತುಳುವಿನಲ್ಲಿ ನಡೆಯುತ್ತಿತ್ತು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೀಗಾಗಿ ಅದರ ಖಾರ ಸ್ವಲ್ಪ ಕಡಿಮೆಯಾಗಿದೆ.

ಜಗಳದ ವಿಷಯ ಒಂದೇ. ಯಾರ ಕಪಾಟಿನಲ್ಲಿ ಹೆಚ್ಚು ಬುದ್ಧಿ ಇದೆ?

ನನ್ನ ಹೆಮ್ಮೆ ಒಂದು ವಿಮಾನ ಹಾರಿಸುವ ಆಟ. ಪೆಟ್ಟಿಗೆಯಲ್ಲಿ ಎರಡು ಫ್ಲಾಪಿ, ಒಂದು ನಕ್ಷೆ, ಜೊತೆಗೆ ಇನ್ನೂರು ಪುಟ ದಾಟಿದ ಪುಸ್ತಕ. ಪರದೆಯ ಮೇಲೆ ಗಡಿಯಾರದಂಥ ಹದಿನೆಂಟು ಮೀಟರುಗಳು. ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳುವುದಿಲ್ಲ. ಇಡೀ ಆಕಾಶ ನಿಮ್ಮದು. ತಪ್ಪು ಮಾಡಿದರೆ ಬೀಳುತ್ತೀರಿ, ಬಿದ್ದರೆ ಮುಗಿಯಿತು. ಆಟ ಶುರುವಾಗುವ ಮೊದಲು ಒಂದು ಪ್ರಶ್ನೆ ಬೇರೆ ಬರುತ್ತಿತ್ತು: ಪುಸ್ತಕದ ಇಂಥ ಪುಟದ ಇಂಥ ಸಾಲಿನ ಮೂರನೆಯ ಶಬ್ದ ಯಾವುದು? ಕಳ್ಳ ಪ್ರತಿ ಮಾಡುವವರನ್ನು ತಡೆಯಲು ಹಾಗೆ ಮಾಡಿದ್ದರಂತೆ. ನನಗಂತೂ ಅದು ಪರಮಾನಂದ. ಪರೀಕ್ಷೆ ಪಾಸಾದವರಿಗೆ ಮಾತ್ರ ಆಟ! ಇಂಥ ದೇಶ ಚಂದ್ರನ ಮೇಲೆ ಕಾಲಿಟ್ಟದ್ದರಲ್ಲಿ ಏನು ಆಶ್ಚರ್ಯ ಎಂದು ನಾನು ಕಾಕನಿಗೆ ಕೇಳುವಂತೆ ಗಿರಾಕಿಗಳಿಗೆ ಹೇಳುತ್ತಿದ್ದೆ. ಪುಸ್ತಕಕ್ಕೆ ಶಾಲೆಯ ಅಭ್ಯಾಸದಂತೆ ಕಂದು ಕಾಗದದ ಬೈಂಡು ಹಾಕಿ, ಮೇಲೆ ಕನ್ನಡದಲ್ಲಿ ದುಂಡಗೆ 'ವಿಮಾನ' ಎಂದು ಬರೆದಿಟ್ಟಿದ್ದೆ.

ಕಾಕನ ಹೆಮ್ಮೆ ಒಂದು ಪ್ರಾಣಿ. ಅದು ನರಿಯೋ ಬೆಕ್ಕೋ ಹೇಳಲು ಬರುವುದಿಲ್ಲ. ಹೊಟ್ಟೆ ದಪ್ಪ, ಕೈಯಲ್ಲಿ ಕೊಡೆ. ಅದು ಓಡುತ್ತದೆ, ಹಾರುತ್ತದೆ, ದಾರಿಯಲ್ಲಿ ಸಾಲಾಗಿ ಕೂತ ಚಹಾದ ಕೆಟಲುಗಳು ಹಬೆ ಉಗುಳುತ್ತವೆ, ಆ ಹಬೆಯ ಮೇಲೆ ಕೊಡೆ ಬಿಚ್ಚಿ ತೇಲಬೇಕು. ಸತ್ತರೆ ಒಂದು ಸಣ್ಣ ರಾಗ ಬಾರಿಸಿ ಮತ್ತೆ ಎದ್ದು ನಿಲ್ಲುತ್ತದೆ. ಮೂರು ಜೀವ. ಪೆಟ್ಟಿಗೆಯೊಳಗೆ ಪುಸ್ತಕವಿಲ್ಲ, ಇದ್ದ ಒಂದು ಚೀಟಿಯೂ ಜಪಾನಿ ಭಾಷೆಯದ್ದು.

"ಇದರಲ್ಲಿ ಎಂತ ಉಂಟು ಕಾಕ? ಕೆಟಲಿನ ಮೇಲೆ ಹಾರುವುದು ಒಂದು ವಿದ್ಯೆಯಾ?" ಎಂದು ನಾನು ಕೆಣಕುತ್ತಿದ್ದೆ.

"ನಿಮ್ಮದು ಆಟವಾ ಮಾಷ್ಟ್ರೆ, ಬ್ಯಾಂಕಿನ ಅರ್ಜಿಯಾ? ಪುಟ ಸಂಖ್ಯೆ, ಸಾಲು ಸಂಖ್ಯೆ, ಶಬ್ದ ಸಂಖ್ಯೆ. ಇನ್ನು ನಮ್ಮ ವಾಸದ ಪರ್ಮಿಟ್ಟು, ಇಕಾಮಾದ ನಂಬರೂ ಕೇಳ್ತದೋ ಎಂತದೋ."

ಗಿರಾಕಿಗಳು ಬಂದಾಗ ನಮ್ಮ ದಾರಿಗಳೂ ಬೇರೆ. ನಾನು ಪುಸ್ತಕ ತೆರೆದು ಒಂದನೆಯ ಅಧ್ಯಾಯದಿಂದ ಶುರು ಮಾಡುತ್ತಿದ್ದೆ. ಒಂದು ಪೀರಿಯಡ್ ಎಂದರೆ ನನ್ನ ಲೆಕ್ಕದಲ್ಲಿ ನಲವತ್ತು ನಿಮಿಷ. ಎರಡನೆಯ ಅಧ್ಯಾಯಕ್ಕೆ ಬರುವಾಗ ಗಿರಾಕಿ ಇಸ್ತ್ರಿಪೆಟ್ಟಿಗೆಗಳ ಕಡೆ ಹೋಗಿರುತ್ತಿದ್ದ. ಕಾಕ ಒಂದು ಮಾತೂ ಆಡುತ್ತಿರಲಿಲ್ಲ. ಆಟದ ಗುಂಡಿಗಳನ್ನು ಗಿರಾಕಿಯ ಕೈಯಲ್ಲಿಟ್ಟು ತಾನು ಸುಲೈಮಾನಿ ಕುಡಿಯಲು ಹೊರಟುಬಿಡುತ್ತಿದ್ದರು. ಹಾಲಿಲ್ಲದ ಆ ಚಹಾ ಮುಗಿಸಿ ಬರುವಾಗ ಗಿರಾಕಿ ಬೆವರುತ್ತಾ, ಕೊಡೆಯ ಪ್ರಾಣಿಯ ಜೊತೆ ತಾನೂ ಎಡಕ್ಕೆ ಬಲಕ್ಕೆ ವಾಲುತ್ತಾ ನಿಂತಿರುತ್ತಿದ್ದ.

ಒಂದು ದಿನ ಕಾಕ ತಮ್ಮ ಸಿದ್ಧಾಂತ ಬಿಚ್ಚಿದರು. "ಮೊದಲನೇ ಹೊಂಡ ನೋಡಿ ಮಾಷ್ಟ್ರೆ. ಸರಿ ನೋಡಿ. ಅದು ಆಳ ಇಲ್ಲ. ಬಿದ್ರೆ ಮೇಲೆ ಹತ್ತಿ ಬರ್ಲಿಕ್ಕೆ ಆಗ್ತದೆ. ಎರಡನೇ ಹೊಂಡದಲ್ಲಿ ಬಿದ್ರೆ ಖಲಾಸ್. ಹಾರ್ಲಿಕ್ಕೆ ಕಲಿ ಅಂತ ಬಾಯಲ್ಲಿ ಹೇಳಿದನಾ ಅವನು? ಇಲ್ಲ. ಹೊಂಡ ಮಾಡಿ ಇಟ್ಟ, ಅಷ್ಟೆ. ನಾನು ಗೂಡಂಗಡಿಯಲ್ಲಿ ಮಕ್ಕಳ ಕಣ್ಣಿನ ಎತ್ತರಕ್ಕೇ ಮಿಠಾಯಿ ಭರಣಿ ಇಡ್ತಿದ್ದೆ. ಬೋರ್ಡು ಹಾಕಿದ್ದೇನಾ?"

ಅದು ನಿಜವೆಂದು ನನಗೆ ಆಗಲೇ ಹೊಳೆದಿತ್ತು. ಆದರೆ ಒಪ್ಪುವುದು ನನ್ನ ಜಾಯಮಾನವಲ್ಲ. ಮಕ್ಕಳನ್ನು ಕೈಹಿಡಿದು ನಡೆಸುವುದು ದೊಡ್ಡ ಕಲೆಯಲ್ಲ, ಬಯಲಿಗೆ ಬಿಡುವುದೇ ಕಲೆ ಎಂದು ವಾದಿಸಿದೆ. ಜಪಾನಿನವನು ದಾರಿ ಮಾಡುತ್ತಾನೆ, ಅಮೆರಿಕದವನು ಲೋಕ ಮಾಡುತ್ತಾನೆ ಎಂದೆ. ವಾಕ್ಯ ನನಗೇ ಬಹಳ ಇಷ್ಟವಾಗಿ ಅವತ್ತು ಮೂರು ಸಲ ಹೇಳಿದೆ. ಮೂರನೆಯ ಸಲ ಕಾಕ ಒಲೆಯ ಮೇಲಿದ್ದ ಮೀನು ಸೀದುಹೋಗುತ್ತಿದೆ ಎಂದು ನೆನಪಿಸಿದರು.

ಜಗಳ ಹೀಗೇ ಸುಖವಾಗಿ ನಡೆದುಕೊಂಡು ಹೋಗುತ್ತಿತ್ತು. ಮೇ ತಿಂಗಳಲ್ಲಿ ನಮ್ಮ ಕಫೀಲ್, ಅಂದರೆ ನಮ್ಮ ವೀಸಾದ ಯಜಮಾನ, ಅಂಗಡಿಗೆ ಬಂದು ಎರಡು ಮಾತು ಹೇಳಿದ. ಒಂದು, ಜಾಗ ಸಾಲದು, ಎರಡು ಕಪಾಟಿನಲ್ಲಿ ಒಂದು ಹೋಗಬೇಕು. ಎರಡು, ದಕ್ಷಿಣದ ವಫ್ರಾದಲ್ಲಿ ತನಗೊಂದು ತೋಟವಿದೆ, ಅಲ್ಲಿ ಮೇಲ್ವಿಚಾರಣೆಗೆ ಒಬ್ಬ ಬೇಕು. ಯಾರ ಕಪಾಟು ಹೋಗುತ್ತದೋ ಅವನು ತೋಟಕ್ಕೆ.

ವಫ್ರಾ ಎಂದರೆ ಪ್ಲಾಸ್ಟಿಕ್ ಹೊದೆಸಿದ ಗ್ರೀನ್‌ಹೌಸುಗಳು, ಮರಳು, ಬಿಸಿಲು. ಬಸ್ಸು ಅಪರೂಪ. ಹೋದವರು ಅಲ್ಲೇ ಇರಬೇಕು. ನಾನು ಕಾಕನ ಮಂಡಿಗಳನ್ನು ನೋಡಿದೆ. ಕಾಕ ಕೂಡ ತಮ್ಮ ಮಂಡಿಗಳನ್ನೇ ನೋಡಿಕೊಂಡರು. ಅವರು ಅಲ್ಲಿ ಒಂದು ತಿಂಗಳೂ ಬಾಳಲಾರರು ಎಂದು ನನಗೆ ಗೊತ್ತಿತ್ತು. ಆದರೂ ಮರುಕ್ಷಣವೇ ನನ್ನ ತಲೆಯಲ್ಲಿ ಬಂದ ಯೋಚನೆ, ವಿಮಾನವನ್ನು ಎಲ್ಲಿಂದ ಹಾರಿಸಿ ತೋರಿಸಲಿ ಎಂಬುದು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ.

ತೀರ್ಪು ಕೊಡುವವರು ಕಫೀಲನ ತಾಯಿ. ಅಂಗಡಿ ನಿಜಕ್ಕೂ ಆಕೆಯದ್ದೇ. ನಾವೆಲ್ಲ ಆಕೆಯನ್ನು ಅಲ್ಲಿಯ ರೂಢಿಯಂತೆ ಮಾಮಾ, ಅಂದರೆ ಅಮ್ಮ, ಎನ್ನುತ್ತಿದ್ದೆವು. ಯಾವ ಭಾಷೆಯೂ ಓದಲು ಬಾರದ, ಯಾರ ಮುಲಾಜೂ ಇಲ್ಲದ ಮುದುಕಿ. "ಗುರುವಾರ ಸಂಜೆ ಬರ್ತಾರೆ. ಇಬ್ಬರೂ ತೋರಿಸಿ. ಯಾವುದು ಮನುಷ್ಯನನ್ನು ಕೂರಿಸಿಕೊಳ್ತದೋ ಅದು ಇರ್ತದೆ. ಯಲ್ಲಾ," ಎಂದು ಕಫೀಲ್ ಹೇಳಿಹೋದ.

ಗುರುವಾರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ನಾನು ಸ್ನಾನ ಮಾಡಿ ಕಂಪ್ಯೂಟರಿನ ಎದುರು ನಿಂತೆ. ನಮ್ಮ ಕಡೆ ಹೊಸ ಬಸ್ಸಿಗೂ, ತಕ್ಕಡಿಗೂ, ಹೊಲಿಗೆ ಯಂತ್ರಕ್ಕೂ ಕುಂಕುಮವಿಟ್ಟು ಕೈಮುಗಿಯದೆ ಕೆಲಸ ಶುರು ಮಾಡುವವರುಂಟೇ? ಊರಿನ ದೇವಸ್ಥಾನದ ಕುಂಕುಮದ ಪೊಟ್ಟಣ ಪರ್ಸಿನಲ್ಲಿತ್ತು. ಎರಡು ಹನಿ ನೀರಿನಲ್ಲಿ ಕಲಸಿದೆ. ಕಂಪ್ಯೂಟರಿಗೆ ಒಂದು ಬೊಟ್ಟು, ಕೀಬೋರ್ಡಿಗೆ ಒಂದು. ಆಮೇಲೆ ವಿಮಾನದ ಫ್ಲಾಪಿ ಕೈಗೆತ್ತಿಕೊಂಡೆ.

ಆ ಕಾಲದ ಫ್ಲಾಪಿ ನೋಡದವರಿಗೆ ಹೇಳಬೇಕು. ಅದು ಅಂಗೈಗಿಂತ ದೊಡ್ಡದಾದ ತೆಳ್ಳಗಿನ ಕಪ್ಪು ಚೌಕ. ಒಳಗೆ ಕಂದು ಬಣ್ಣದ ದುಂಡು ಹಾಳೆ. ಯಂತ್ರ ಅದನ್ನು ಓದಲೆಂದು ಒಂದು ಕಡೆ ಉದ್ದನೆಯ ಕಿಂಡಿ, ಅಲ್ಲಿ ಆ ಹಾಳೆ ಬತ್ತಲೆಯಾಗಿ ಕಾಣುತ್ತದೆ. ಅದನ್ನು ಬೆರಳಿನಿಂದಲೂ ಮುಟ್ಟಬಾರದು ಎಂದು ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ಎಷ್ಟು ಗಿರಾಕಿಗಳಿಗೆ ನಾನೇ ಅದನ್ನು ಓದಿ ಹೇಳಿದ್ದೆನೋ! ಆದರೆ ಬೊಟ್ಟು ಇಡುವಾಗ ಪುಸ್ತಕ ಯಾರಿಗೆ ನೆನಪಿರುತ್ತದೆ? ಬೊಟ್ಟು ಹಣೆಗೆ ಇಡಬೇಕು, ಅಷ್ಟೆ. ಆ ಕಪ್ಪು ಮುಖದಲ್ಲಿ ಹಣೆಯಂತೆ ಕಂಡದ್ದು ಆ ಕಿಂಡಿಯೇ. ಭಕ್ತಿಯಿಂದ, ಧಾರಾಳವಾಗಿ ಇಟ್ಟೆ. ತಲೆಯೆತ್ತಿದಾಗ ಕಾಕ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದರು. ಅವರು ಏನೂ ಹೇಳಲಿಲ್ಲ. ನನ್ನ ಪ್ರಾರ್ಥನೆಗೆ ಗೌರವ ಕೊಟ್ಟರೆಂದು ತಿಳಿದೆ.

ಸಂಜೆ ಮಾಮಾ ಬಂದು ಕುರ್ಚಿಯಲ್ಲಿ ಕೂತರು. ಪಕ್ಕದಲ್ಲಿ ಕಫೀಲ್. ಹಿರಿಯರೆಂದು ಕಾಕನದ್ದೇ ಮೊದಲ ಸರದಿ. ಕ್ಯಾಸೆಟ್ ಹಾಕಿದರು. ಟಿವಿಯಲ್ಲಿ ಬೂದು ಗೆರೆಗಳು ಬಿಟ್ಟರೆ ಏನೂ ಇಲ್ಲ. ಆ ವಾರವಿಡೀ ಧೂಳಿನ ಗಾಳಿ ಬೀಸಿತ್ತು, ಧೂಳು ಹೋಗದ ಜಾಗವಿರಲಿಲ್ಲ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಕಾಕ ಗಾಬರಿಯಾಗಲಿಲ್ಲ. ಕ್ಯಾಸೆಟ್ ಹೊರತೆಗೆದು ಕಣ್ಣು ಮುಚ್ಚಿದರು, ತುಟಿಯಲ್ಲೇ ಏನೋ ಓದಿದರು, ಮತ್ತೆ ಅದರ ಬಾಯಿಗೆ ಮೂರು ಸಲ ಜೋರಾಗಿ ಊದಿದರು. ಜ್ವರದ ಮಗುವಿಗೂ, ಲೋಟದ ನೀರಿಗೂ ಅವರ ಕಡೆ ಹೀಗೇ ಓದಿ ಊದುತ್ತಾರೆ. ಮಾಮಾ "ಆಮೀನ್" ಎಂದರು. ಕ್ಯಾಸೆಟ್ ಹಾಕಿದ್ದೇ ತಡ, ಕೊಡೆಯ ಪ್ರಾಣಿ ಕುಣಿಯುತ್ತಾ ಬಂತು.

ಊದಿದ್ದರಿಂದ ಧೂಳು ಹಾರಿತ್ತು, ಅಷ್ಟೆ ಎಂದು ನಾನು ಈಗ ವಿಜ್ಞಾನ ಹೇಳಬಹುದು. ಅವತ್ತು ನನಗೆ ಅದು ಹೊಳೆಯಲಿಲ್ಲ.

ಮಾಮಾ ಗುಂಡಿಗಳನ್ನು ಹಿಡಿದರು. ಮೊದಲ ಹೊಂಡದಲ್ಲಿ ಬಿದ್ದರು, ಹತ್ತಿ ಬಂದರು, ನಕ್ಕರು. ಎರಡನೆಯ ಹೊಂಡವನ್ನು ಹಾರಿದರು. ಹಾರುವಾಗ ಕುರ್ಚಿಯಿಂದ ತಾವೂ ಅರ್ಧ ಎದ್ದರು. ಕೆಟಲ್ ಹಬೆ ಉಗುಳಿದಾಗ ಅದಕ್ಕೆ ಅರಬ್ಬಿಯಲ್ಲಿ ಬೈದರು. ಮಗ ಎರಡು ಸಲ ಗಡಿಯಾರ ತೋರಿಸಿದ, ಆಕೆ ತಿರುಗಿಯೂ ನೋಡಲಿಲ್ಲ. ಕಾಕ ಎಂದಿನಂತೆ ಒಂದೂ ಮಾತಾಡದೆ ಎಲ್ಲರಿಗೂ ಸುಲೈಮಾನಿ ತಂದರು.

ನನ್ನ ಸರದಿ ಬಂತು. "ಮಾಮಾ, ಇದು ವಿಮಾನ. ಇಡೀ ಆಕಾಶ ನಿಮ್ಮದು," ಎಂದು ನನಗೆ ಬರುವ ಅರಬ್ಬಿಯಲ್ಲಿ ಪೀಠಿಕೆ ಹಾಕಿದೆ. ಫ್ಲಾಪಿ ತೂರಿಸಿ ಯಂತ್ರದ ಪುಟ್ಟ ಬಾಗಿಲು ಮುಚ್ಚಿದೆ. ಒಳಗಿನಿಂದ ಕೊಬ್ಬರಿ ತುರಿದಂಥ ಶಬ್ದ ಬಂತು. ಪರದೆಯ ಮೇಲೆ ಓದಲಾಗುವುದಿಲ್ಲ ಎಂಬ ಒಂದು ಸಾಲು. ಮತ್ತೆ ಹಾಕಿದೆ, ಮತ್ತೆ ತುರಿಯಿತು. ಬೇರೆ ಫ್ಲಾಪಿಗಳನ್ನು ಹಾಕಿದೆ. ಯಂತ್ರದೊಳಗೆ ಫ್ಲಾಪಿ ಓದುವ ತಲೆಯೇ ಕುಂಕುಮದಲ್ಲಿ ಮುಳುಗಿತ್ತಾದ್ದರಿಂದ ಅದು ಯಾವುದನ್ನೂ ಓದಲೊಲ್ಲದು. ಸಿಟ್ಟಿನಿಂದ ಫ್ಲಾಪಿ ಹೊರಗೆಳೆದು, ಕಾಕನನ್ನು ನೋಡಿ ಕಲಿತವನಂತೆ ಯಂತ್ರದ ಬಾಯಿಗೆ ನಾನೂ ಊದಿದೆ. ಒಣಗಿದ ಕೆಂಪು ಪುಡಿ ಎದ್ದು ನನ್ನ ಮುಖಕ್ಕೇ ಬಂತು.

"ರಕ್ತ!" ಎಂದು ಮಾಮಾ ಕುರ್ಚಿಯಿಂದ ಎದ್ದರು.

"ರಕ್ತ ಅಲ್ಲ ಮಾಮಾ, ಅದು ಅವನ ದುಆ, ಪ್ರಾರ್ಥನೆ," ಎಂದು ಕಾಕ ಸಮಾಧಾನ ಮಾಡಿದರು.

ಆಕೆ ನನ್ನ ಮುಖವನ್ನು ಬಹಳ ಕರುಣೆಯಿಂದ ನೋಡಿದರು. ಆ ಕರುಣೆ ಬೈಗುಳಕ್ಕಿಂತ ಕಷ್ಟವಾಗಿತ್ತು. "ಇದು ದೊಡ್ಡ ವಸ್ತುವೇ ಇರಬಹುದು ಮಗನೇ, ಆದರೆ ಬಾಗಿಲು ತೆರೆಯಲಿಲ್ಲ. ಆ ಕೊಡೆಯದ್ದು ಕರೆದು ಕೂರಿಸಿತು," ಎಂದರು. ಕಫೀಲ್ ಕೈ ಕೊಡವಿದ. "ಖಲಾಸ್. ಶನಿವಾರ ವಫ್ರಾ."

ಶನಿವಾರ ಪಿಕಪ್ಪಿನ ಹಿಂದೆ ಕೂತು ಹೋದೆ. ಕಾಕ ಬೀಳ್ಕೊಡಲು ರಸ್ತೆಯವರೆಗೆ ಬಂದಿದ್ದರು. ನಾನು ತಿರುಗಿ ನೋಡಲಿಲ್ಲ. ಅಷ್ಟು ಸಿಟ್ಟು.

ತೋಟದ ಬದುಕಿನ ಬಗ್ಗೆ ಹೆಚ್ಚು ಹೇಳುವುದಕ್ಕೇನಿಲ್ಲ, ಸೌತೆಕಾಯಿ ಮಾತ್ರ ಇದೆ. ಗ್ರೀನ್‌ಹೌಸಿನೊಳಗೆ ಪ್ರತಿ ಬಳ್ಳಿಗೂ ಒಂದು ದಾರ ಕಟ್ಟಿ ಮೇಲಕ್ಕೆ ಹತ್ತಿಸಿದ್ದರು. ಬಳ್ಳಿಗೆ ಬೇರೆ ದಾರಿಯಿಲ್ಲ, ಆದರೆ ಕಾಯಿ ಕೈಗೆ ಸರಿಯಾಗಿ ಬಿಡುತ್ತಿತ್ತು. ಹೊರಗೆ ಕಲ್ಲಂಗಡಿ ಬಳ್ಳಿಗಳು ಮನಸ್ಸಿಗೆ ಬಂದ ಕಡೆ ಹರಡಿಕೊಂಡಿದ್ದವು, ಹಣ್ಣು ಎಲ್ಲಿದೆಯೆಂದು ಹುಡುಕಬೇಕು. ಇದು ಜಪಾನ್, ಅದು ಅಮೆರಿಕ ಎಂದು ಅಲ್ಲಿನ ಕೆಲಸಗಾರರಿಗೆ ಹಿಂದಿಯಲ್ಲಿ ವಿವರಿಸಿದೆ. "ಭಾಯಿ, ಬಿಸಿಲಲ್ಲಿ ಟೋಪಿ ಹಾಕಿಕೋ," ಎಂದು ಅವರು ಸಲಹೆ ಕೊಟ್ಟರು.

ಪ್ರತಿ ಶುಕ್ರವಾರ ತರಕಾರಿ ಒಯ್ಯುವ ಪಿಕಪ್ಪಿನಲ್ಲಿ ಕಾಕ ಒಂದು ಸ್ಟೀಲಿನ ಡಬ್ಬಿ ಕಳಿಸುತ್ತಿದ್ದರು. ಒಳಗೆ ಹುರಿದ ಮೀನು. ಸಿಟ್ಟಿನಲ್ಲೇ ತಿನ್ನುತ್ತಿದ್ದೆ, ಮುಳ್ಳನ್ನೂ ಬಿಡದೆ. ಡಬ್ಬಿ ತೊಳೆದು ಒಳಗೆ ಒಂದು ಕಾಗದ ಇಟ್ಟು ಕಳಿಸುತ್ತಿದ್ದೆ: ಅಮೆರಿಕದ ಆಟಗಳ ಪರವಾಗಿ ಹೊಸ ವಾದಗಳು. ಕಾಕ ಕನ್ನಡವನ್ನು ಅಕ್ಷರ ಕೂಡಿಸಿ ಓದುವವರು. ಓದುತ್ತಿದ್ದರೋ ಇಲ್ಲವೋ, ಡ್ರೈವರ್ ತರುತ್ತಿದ್ದ ಉತ್ತರ ಪ್ರತಿ ಸಲವೂ ಒಂದೇ. "ಮೀನಿಗೆ ಉಪ್ಪು ಸರಿ ಉಂಟಾ ಅಂತ ಕೇಳಿದ್ರು."

ಆಗಸ್ಟ್ ಎರಡರ ಬೆಳಿಗ್ಗೆ ರೇಡಿಯೊದಲ್ಲಿ ಇರಾಕಿನ ಸೈನ್ಯ ಒಳಗೆ ಬಂದಿದೆ ಎಂದರು. ಫೋನು ಸತ್ತಿತ್ತು. ಫಹಾಹೀಲಿನ ಕಡೆ ಹೊಗೆ ಕಾಣುತ್ತಿದೆ ಎಂದು ಯಾರೋ ಹೇಳಿದರು. ಮೊದಲ ಬಾರಿಗೆ ನನಗೆ ಆಟ, ಕಪಾಟು, ಸೋಲು ಎಲ್ಲ ಮರೆತುಹೋಗಿ ಒಂದೇ ಯೋಚನೆ ಉಳಿಯಿತು: ಈ ಮಂಡಿ ಇಟ್ಟುಕೊಂಡು ಆ ಮನುಷ್ಯ ಓಡುವುದು ಹೇಗೆ?

ನಾಲ್ಕನೆಯ ದಿನ ಅದೇ ಪಿಕಪ್ಪಿನಲ್ಲಿ ಕಾಕ ಬಂದಿಳಿದರು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಅಂಗಡಿಯ ಗಾಜು ಒಡೆದಿತ್ತಂತೆ, ಟಿವಿಗಳು, ಕ್ಯಾಸೆಟ್‌ಗಳು, ಕೊಡೆಯ ಪ್ರಾಣಿ, ಕೊನೆಗೆ ಮೇಜೂ ಕುರ್ಚಿಯೂ ಹೋಗಿದ್ದವಂತೆ. ನೆಲದ ಮೇಲೆ ಬಿದ್ದುಕೊಂಡಿದ್ದದ್ದು ಒಂದೇ ವಸ್ತು. ಚೀಲದೊಳಗಿನಿಂದ ಲುಂಗಿಯಲ್ಲಿ ಸುತ್ತಿದ ಪುಸ್ತಕ ತೆಗೆದು ನನ್ನ ಕೈಯಲ್ಲಿಟ್ಟರು. ಕಂದು ಕಾಗದದ ಬೈಂಡು, ದುಂಡಗೆ 'ವಿಮಾನ'.

"ಪುಸ್ತಕ ಯಾರಿಗೂ ಬೇಡ ಮಾಷ್ಟ್ರೆ. ನಿಮಗೆ ಬೇಕಲ್ಲ ಅಂತ ತಂದೆ. ಓದದಿದ್ರೆ ನಿಮಗೆ ಅನ್ನ ಇಳಿಯುದಿಲ್ಲ."

ನಾನು ಅವರನ್ನು ಅಪ್ಪಿಕೊಂಡು ಅತ್ತುಬಿಟ್ಟೆ. ಅತ್ತೆನೆಂದು ಹೇಳಲು ನಾಚಿಕೆಯಿಲ್ಲ.

ಅದೇ ವಾರ ಕಫೀಲನ ಕಾರು ತೋಟಕ್ಕೆ ಬಂತು. ಅವರು ಗಡಿ ದಾಟಿ ಸೌದಿಗೆ ಹೊರಟಿದ್ದರು. ಕಫೀಲ್ ಅಲ್ಲಿಯವರೆಗೆ ತನ್ನ ಬಳಿ ಇಟ್ಟುಕೊಂಡಿದ್ದ ನಮ್ಮ ಪಾಸ್‌ಪೋರ್ಟುಗಳನ್ನು ಎರಡೂ ಕೈಯಿಂದ ಕೊಟ್ಟ, ತೋಟದಲ್ಲಿ ಇರುವುದನ್ನೆಲ್ಲ ತಿಂದುಕೊಂಡಿರಿ ಎಂದ. ಹಿಂದಿನ ಸೀಟಿನಲ್ಲಿ ಮಾಮಾ ಗಂಟುಮೂಟೆಗಳ ನಡುವೆ ಕೂತಿದ್ದರು. ನನ್ನನ್ನು ಕಂಡು ಕಿಟಕಿ ಇಳಿಸಿ ಕೇಳಿದರು, "ನಿನ್ನ ವಿಮಾನ ಹಾರಿತಾ?"

"ಇನ್ನೂ ಇಲ್ಲ ಮಾಮಾ."

"ಹಾರುತ್ತದೆ," ಎಂದು ಕಿಟಕಿ ಏರಿಸಿದರು.

ಆ ಬೇಸಿಗೆಯಲ್ಲಿ ಪೇಟೆಯಲ್ಲಿದ್ದವರು ರೊಟ್ಟಿಗೆ ಸಾಲು ನಿಲ್ಲುತ್ತಿದ್ದಾಗ ನಾವು ಸೌತೆಕಾಯಿ, ಕೋಳಿಮೊಟ್ಟೆ, ಇದ್ದ ಹಿಟ್ಟಿನ ರೊಟ್ಟಿ ತಿಂದುಕೊಂಡು ಬದುಕಿದ್ದೆವು. ನನ್ನ ಶಿಕ್ಷೆಯ ಜಾಗವೇ ಇಬ್ಬರ ಹೊಟ್ಟೆಯನ್ನೂ ಕಾಯಿತು. ಒಂದು ದಿನ ಊಟದ ಮಧ್ಯೆ ನಾನು ಇದನ್ನೇ ಹೇಳಿ ನಕ್ಕೆ. ಕಾಕ ನಗಲಿಲ್ಲ. ರೊಟ್ಟಿ ಕೆಳಗಿಟ್ಟರು.

"ಮಾಷ್ಟ್ರೆ, ಒಂದು ಮಾತು ಉಂಟು. ನೀವು ಅವತ್ತು ಫ್ಲಾಪಿಯ ಕಿಂಡಿಗೆ ಕುಂಕುಮ ಹಾಕುದು ನಾನು ನೋಡಿದ್ದೆ."

"ನೋಡಿದ್ದೀರಿ, ನನಗೆ ಗೊತ್ತುಂಟು. ಪೊರಕೆ ಹಿಡಿದು ನಿಂತಿದ್ರಿ."

"ಅದಲ್ಲ. ಅಲ್ಲಿ ಮುಟ್ಟಬಾರದು ಅಂತ ನೀವೇ ದಿನಾ ಗಿರಾಕಿಗೆ ಹೇಳ್ತಿದ್ರಿ. ಕೇಳಿ ಕೇಳಿ ನನಗೆ ಬಾಯಿಪಾಠ ಆಗಿತ್ತು. ಹಾಳಾಗ್ತದೆ ಅಂತ ಗೊತ್ತಿತ್ತು. ಹೇಳ್ಲಿಲ್ಲ." ಅವರು ಮಂಡಿಯ ಮೇಲೆ ಕೈಯಿಟ್ಟುಕೊಂಡರು. "ಇದು ನೆನಪಾಯ್ತು. ಬಾಯಿ ಮುಚ್ಚಿಕೊಂಡೆ."

ಇಷ್ಟು ಶುಕ್ರವಾರಗಳ ಮೀನಿನ ಅರ್ಥ ನನಗೆ ಒಮ್ಮೆಲೇ ಆಯಿತು. ಕೋಪ ನೆತ್ತಿಗೇರಿತು. ತಟ್ಟೆ ಬಿಟ್ಟು ಎದ್ದೆ. ಮೂರು ದಿನ ಮಾತಾಡಲಿಲ್ಲ. ಒಂದೇ ಕೋಣೆಯಲ್ಲಿ ಎರಡು ಚಾಪೆ, ಹೊರಗೆ ಯುದ್ಧ, ಒಳಗೆ ನಾನು ಗೋಡೆಗೆ ಮುಖ ಮಾಡಿ ಸಿಟ್ಟು ಸಾಧಿಸುತ್ತಿದ್ದೇನೆ! ಈಗ ನೆನೆದರೆ ನಗು ಬರುತ್ತದೆ. ಅವತ್ತು ಬಂದಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಕಾಕನಿಗೆ ಚಾಪೆಯಿಂದ ಏಳಲಾಗಲಿಲ್ಲ. ಮಂಡಿಗಳು ಬಾತುಕೊಂಡಿದ್ದವು. ತೋಟದಲ್ಲಿ ಎರಡೇ ವಾರಕ್ಕೆ ಈ ಸ್ಥಿತಿ. ಅವರು ಸೋತು ಮೇ ತಿಂಗಳಲ್ಲೇ ಇಲ್ಲಿಗೆ ಬಂದಿದ್ದರೆ? ಅದು ನನಗೆ ಗೊತ್ತಿದ್ದೂ ನಾನು ಗೆಲ್ಲಲೆಂದೇ ಕುಂಕುಮ ಕಲಸಿದ್ದೆನಲ್ಲ? ಅವರು ಬಾಯಿ ಮುಚ್ಚಿಕೊಂಡರು, ನಾನು ಕಣ್ಣು ಮುಚ್ಚಿಕೊಂಡಿದ್ದೆ. ಸುಲೈಮಾನಿ ಮಾಡಿ ತಂದು ಅವರ ಪಕ್ಕ ಇಟ್ಟೆ.

"ಸಕ್ಕರೆ ಕಡಿಮೆ," ಎಂದರು.

"ಇದ್ದದ್ದೇ ಅಷ್ಟು," ಎಂದೆ. ಅಲ್ಲಿಗೆ ರಾಜಿಯಾಯಿತು.

ಅಕ್ಟೋಬರಿನ ಹೊತ್ತಿಗೆ ಊರಿಗೆ ಹೋಗುವವರ ಬಸ್ಸುಗಳು ಹೊರಡುತ್ತಿದ್ದವು. ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನಿನ ಗಡಿಯ ಗುಡಾರಗಳಲ್ಲಿ ಬಂದು ಬಿದ್ದೆವು. ವಿಮಾನಕ್ಕೆ ಕಾಯುವುದೊಂದೇ ಕೆಲಸ. ನನ್ನ ಚೀಲದಲ್ಲಿ ಪುಸ್ತಕವಿತ್ತು. ಕಂಪ್ಯೂಟರಿಲ್ಲ, ಫ್ಲಾಪಿಯಿಲ್ಲ, ಪುಸ್ತಕ ಮಾತ್ರ. ದಿನಾ ಹಗಲು ಒಂದು ಅಧ್ಯಾಯ ಓದಿ ಅರ್ಥ ಹೇಳತೊಡಗಿದೆ. ಮೊದಲು ಕಾಕ ಒಬ್ಬರೇ ಕೇಳುತ್ತಿದ್ದರು. ನಾಲ್ಕು ದಿನಗಳಲ್ಲಿ ಅಕ್ಕಪಕ್ಕದ ಗುಡಾರದವರೂ ಬಂದು ಕೂತರು. ನನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಕೇಳುಗರ ಸಮೇತ ಎರಡನೆಯ ಅಧ್ಯಾಯ ದಾಟಿದೆ. ಎದ್ದುಹೋಗಲು ಅವರಿಗೆ ಬೇರೆ ಜಾಗವಿರಲಿಲ್ಲ ಎಂಬುದೂ ನಿಜ.

ಕಾಕ ಒಂದೇ ಪ್ರಶ್ನೆ ಹಿಡಿದಿದ್ದರು. "ಎಲ್ಲ ಸರಿ. ಇದರಲ್ಲಿ ಮೊದಲನೇ ಹೊಂಡ ಎಲ್ಲಿ?"

ಹುಡುಕಿದೆ. ಮೂರನೆಯ ಅಧ್ಯಾಯದಲ್ಲಿ ಸಿಕ್ಕಿತು. ಹಾರುವ ಮೊದಲು ವಿಮಾನವನ್ನು ನೆಲದ ಮೇಲೆಯೇ ಸುಮ್ಮನೆ ಓಡಿಸಿ, ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿ, ಇಲ್ಲಿ ಬೀಳುವ ಭಯವಿಲ್ಲ ಎಂದು ಬರೆದಿತ್ತು. ಎಷ್ಟು ಸಲ ಓದಿದ್ದರೂ ನಾನು ಅದನ್ನು ಹಾರಿಸಿ ಮುಂದಕ್ಕೆ ಹೋಗಿದ್ದೆ.

ಕಾಕನ ಮುಖ ಅರಳಿತು. "ನೋಡಿ! ಅವನೂ ಇಟ್ಟಿದ್ದಾನೆ. ಜಪಾನಿನವ ದಾರಿಯಲ್ಲಿ ಇಟ್ಟ, ಇವ ಪುಸ್ತಕದಲ್ಲಿ ಅಡಗಿಸಿ ಇಟ್ಟ. ಅಮೆರಿಕದವರಿಗೂ ಬುದ್ಧಿ ಉಂಟು ಮಾಷ್ಟ್ರೆ, ತೋರಿಸ್ಲಿಕ್ಕೆ ಗೊತ್ತಿಲ್ಲ. ಥೇಟ್ ನಿಮ್ಮ ಹಾಗೆ."

ಅಮ್ಮಾನಿನಿಂದ ಮುಂಬೈಗೆ ಹಾರಿದ ದಿನ ನಮ್ಮಿಬ್ಬರಿಗೆ ಅಕ್ಕಪಕ್ಕದ ಸೀಟು. ನಾನು ಕಿಟಕಿಯ ಬಳಿ. ವಿಮಾನ ನೆಲದ ಮೇಲೆ ಓಡತೊಡಗಿದಾಗ ಕಾಕ "ಮೂರನೇ ಅಧ್ಯಾಯ" ಎಂದು ಪಿಸುಗುಟ್ಟಿದರು. ಹಿಡಿಕೆಯನ್ನು ಬಿಗಿಯಾಗಿ ಹಿಡಿದಿದ್ದರು, ಹೆಬ್ಬೆರಳು ತನ್ನಷ್ಟಕ್ಕೆ ಒತ್ತುತ್ತಿತ್ತು, ಕೊಡೆಯ ಪ್ರಾಣಿಯನ್ನು ಹಾರಿಸುವಂತೆ. ವೇಗ ಹೆಚ್ಚಿತು. ಅವರು ಒಮ್ಮೆಲೇ ನನ್ನ ಕಡೆ ತಿರುಗಿದರು.

"ಮಾಷ್ಟ್ರೆ, ಹತ್ತುವಾಗ ಕುಂಕುಮ ಎಲ್ಲಿಯಾದ್ರೂ ಹಾಕಿದ್ರಾ?"

"ಇಲ್ಲ ಕಾಕ. ಹಾಕಿದ್ದರೆ, ನೋಡಿ ಈ ಸಲ ಹೇಳ್ತಿದ್ರಾ?"

"ಹೇಳ್ತಿದ್ದೆ ಮಾರಾಯ್ರೆ. ಈ ಸಲ ನಾನೂ ಒಳಗೆ ಇದ್ದೇನಲ್ಲ."

ಅಷ್ಟು ಹೇಳಿ ಅವರು ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಓದಿದರು, ಎದುರಿನ ಸೀಟಿನ ಬೆನ್ನಿಗೆ ಮೂರು ಸಲ ಊದಿದರು. ಚಕ್ರಗಳು ನೆಲ ಬಿಟ್ಟವು.